ಹೊಳೆ ಮರೆತ ಊರಲ್ಲಿ ಬಾಡಿಗೆ ಮನೆ: ಉತ್ತರ ಪಿನಾಕಿನಿ ದಂಡೆಯ ಕಥೆ

ಫೋಟೋ 1: ಗೌರಿಬಿದನೂರು, ಸೇತುವೆ ಮೇಲಿಂದ

ಈ ಚಿತ್ರದಲ್ಲಿ ಹೊಳೆ ಎಲ್ಲಿದೆ ಅಂತ ಹುಡುಕ್ತಾ ಇದ್ದೀರಾ? ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿದೆಯಲ್ಲ, ಅದೇ ಹೊಳೆ. ಪುಸ್ತಕದಲ್ಲಿ ಉತ್ತರ ಪಿನಾಕಿನಿ, ನಕ್ಷೆಯಲ್ಲಿ ಪೆನ್ನಾರ್, ನಮ್ಮ ಕಡೆ ತೆಲುಗು ಮಾತಾಡೋರ ಬಾಯಲ್ಲಿ ಪೆನ್ನೇರು. ನಂದಿ ಬೆಟ್ಟದ ಸಾಲಿನ ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಸೀಮೆ ದಾಟಿ, ಹಿಂದೂಪುರದ ಕಡೆ ಆಂಧ್ರಕ್ಕೆ ಇಳಿದು, ಸುಮಾರು 597 ಕಿ.ಮೀ. ಹರಿದು, ನೆಲ್ಲೂರಿನ ಆಚೆ ಬಂಗಾಳ ಕೊಲ್ಲಿ ಸೇರುತ್ತೆ. ಗೌರಿಬಿದನೂರು ಕೂತಿರೋದು ಇದರ ಎಡದಂಡೆಯಲ್ಲಿ.

ಚಿತ್ರವನ್ನ ಸ್ವಲ್ಪ ದೊಡ್ಡದು ಮಾಡಿ ನೋಡಿ. ಜಾಲಿ ಮುಗಿಯೋ ಕಡೆ ಶೀಟಿನ ಮನೆಗಳು, ಅವುಗಳ ಹಿಂದೆ ಎರಡಂತಸ್ತಿನ ಹೊಸ ಕಟ್ಟಡಗಳು. ಒಂದರ ಗೇಟಿನ ಮೇಲೆ ‘ಮನೆ ಬಾಡಿಗೆಗೆ ಇದೆ’ ಅನ್ನೋ ಬೋರ್ಡು. ಇವತ್ತಿನ ಕಥೆ ಆ ಬೋರ್ಡಿನದು. ಹೊಳೆಗೆ ಇಷ್ಟು ಹತ್ತಿರ ಅದು ಹೇಗೆ ಬಂತು, ಆ ಮನೆಗೆ ಬರೋ ಬಾಡಿಗೆದಾರನಿಗೆ ಏನೇನು ಗೊತ್ತಿರಬೇಕು ಅಂತ.

ಫೋಟೋ 2: ವಿದುರಾಶ್ವತ್ಥದ ನಾಗರಕಲ್ಲುಗಳು

ಇದೇ ಹೊಳೆಯ ಪಕ್ಕದ ಊರು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ. ‘ಕರ್ನಾಟಕದ ಜಲಿಯನ್‌ವಾಲಾಬಾಗ್’ ಅಂತ ಶಾಲೇಲಿ ಓದಿರ್ತೀರಿ. ಆ ದಿನದ ಕಥೆ ಇನ್ನೊಮ್ಮೆ ವಿವರವಾಗಿ ಹೇಳ್ತೀನಿ. ಇಲ್ಲಿ ಹೇಳಬೇಕಿರೋದು ಚಿಕ್ಕ ವಿಷಯ. ನಮ್ಮ ಹಿರಿಯರಿಗೆ ಹೊಳೆದಂಡೆ ಅಂದ್ರೆ ಸೇರೋ ಜಾಗ, ಮಲಗೋ ಜಾಗ ಅಲ್ಲ. ಜಾತ್ರೆ, ದೇವಸ್ಥಾನ, ಭತ್ತದ ಗದ್ದೆ, ತೆಂಗಿನ ತೋಟ, ಸ್ಮಶಾನ ಎಲ್ಲ ಅಲ್ಲೇ. ಮನೆ ಮಾತ್ರ ಒಂದಷ್ಟು ಮೇಲೆ, ಗಟ್ಟಿ ನೆಲದಲ್ಲಿ. ಹೊಳೆಯನ್ನ ಪೂಜೆ ಮಾಡೋರು, ಆದ್ರೆ ಪಕ್ಕದಲ್ಲಿ ಮಲಗೋಷ್ಟು ನಂಬಿಕೆ ಇಟ್ಟಿರಲಿಲ್ಲ.

ಫೋಟೋ 3: ಮರಳಲ್ಲಿ ತೋಡಿದ ಒರತೆ

ಪಿನಾಕಿನಿ ಯಾವತ್ತೂ ತುಂಗೆಯ ಥರ ವರ್ಷವಿಡೀ ಹರಿಯೋ ಹೊಳೆ ಆಗಿರಲಿಲ್ಲ. ಮಳೆಗಾಲ ಮುಗಿದ ಮೇಲೆ ನೀರು ಮರಳಿನ ಒಳಗೆ ಇಳಿದುಬಿಡ್ತಿತ್ತು. ಆ ನೀರನ್ನ ಜನ ಬಿಡಲಿಲ್ಲ. ಗೌರಿಬಿದನೂರು, ಮಧುಗಿರಿ, ಪಾವಗಡ ಕಡೆ ‘ತಲಪರಿಗೆ’ ಅಂತ ಇನ್ನೂ ಹೇಳೋರಿದ್ದಾರೆ. ಒರತೆಯ ಜಾಗ ಗುರುತಿಸಿ, ತೋಡಿ, ಅಲ್ಲಿಂದ ಕಾಲುವೆ ತೆಗೆದು ಗದ್ದೆಗೆ ನೀರು ಹಾಯಿಸೋ ಪದ್ಧತಿ ಅದು. ಪ್ರತಿವರ್ಷ ಊರವರೇ ಸೇರಿ ಹೂಳು ತೆಗೀಬೇಕು, ಸರದಿ ಪ್ರಕಾರ ನೀರು ಹಂಚಬೇಕು. ಪಂಪು ಬೇಡ, ಕರೆಂಟು ಬೇಡ. ಮರಳು ಇರಬೇಕು ಅಷ್ಟೆ. ಈ ಮಾತು ನೆನಪಲ್ಲಿಟ್ಕೊಳ್ಳಿ, ಮುಂದೆ ಮರಳಿಗೆ ಏನಾಯ್ತು ಅಂತ ಬರುತ್ತೆ.

ಇಷ್ಟೊಂದು ಹೊಳೆ ಹುಟ್ಟೋ ಸೀಮೆಯಲ್ಲಿ ಒಂದು ದೊಡ್ಡ ಅಣೆಕಟ್ಟೆ ಯಾಕಿಲ್ಲ ಅಂತ ಕೇಳ್ತೀರ. ಭೂಮಿಯ ಏರುತಗ್ಗು, ಮಳೆಯ ಪ್ರಮಾಣ ಎಲ್ಲ ಕಾರಣವೇ. ಅದರ ಜೊತೆಗೆ ಒಂದು ಕಾಗದವೂ ಇದೆ. 1892ರ ಫೆಬ್ರವರಿಯಲ್ಲಿ ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಸರ್ಕಾರಕ್ಕೂ ಒಪ್ಪಂದ ಆಯ್ತು. ಕಾವೇರಿ ವಿಷಯದಲ್ಲಿ ಇದರ ಹೆಸರು ಕೇಳಿರ್ತೀರಿ. ಆದರೆ ಅದರ ಪಟ್ಟಿಯಲ್ಲಿ 15 ಮುಖ್ಯ ನದಿಗಳಿದ್ದವು. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಮೂರೂ ಅದರಲ್ಲಿ! ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಈ ಹೊಳೆಗಳ ಮೇಲೆ ಹೊಸ ನೀರಾವರಿ ಜಲಾಶಯ ಕಟ್ಟೋ ಹಾಗಿರಲಿಲ್ಲ. ಹಾಗಾಗಿ ನಮ್ಮ ಸೀಮೆ ಕೆರೆಗಳ ಮೇಲೇ ನಿಂತಿತು. ಒಂದರ ಕೋಡಿ ಇನ್ನೊಂದಕ್ಕೆ, ಅದರ ಕೋಡಿ ಮತ್ತೊಂದಕ್ಕೆ, ಕೊನೆಗೆ ಹೊಳೆಗೆ. ಈಗ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಕ್ಕೆ ಕುಡಿಯೋ ನೀರು ಕೊಡೋ ಜಕ್ಕಲಮಡುಗು ಜಲಾಶಯ ಇದೆಯಲ್ಲ, ಅದು ಇದೇ ಪಿನಾಕಿನಿಯ ಮೇಲಿನ ಭಾಗ.

ಅಂದ ಹಾಗೆ, ಚಿಕ್ಕಬಳ್ಳಾಪುರದ ಅಮಾನಿ ಗೋಪಾಲಕೃಷ್ಣ ಕೆರೆ ನೋಡಿದವರಿಗೆ ಒಂದು ಮಾತು. ‘ಅಮಾನಿ’ ಅಂದ್ರೆ ಗುತ್ತಿಗೆಗೆ ಕೊಡದೆ ಸರ್ಕಾರವೇ ನೇರವಾಗಿ ನೋಡಿಕೊಳ್ಳೋದು. ಇಜಾರ ಅಂದ್ರೆ ಗುತ್ತಿಗೆ. ಯಾರು ಮಾಲೀಕ, ಯಾರು ಗೇಣಿದಾರ ಅನ್ನೋ ಲೆಕ್ಕ ಕೆರೆಯ ಹೆಸರಲ್ಲೇ ಉಳಿದುಕೊಂಡಿದೆ.

ಫೋಟೋ 4: ಹಳೇ ವಠಾರ

ಬಾಡಿಗೆ ಮನೆ ಅನ್ನೋದು ನಮ್ಮ ಊರುಗಳಿಗೆ ಮುಖ್ಯವಾಗಿ ರೈಲು ಮತ್ತು ಕಚೇರಿಗಳ ಜೊತೆ ಬಂತು. ಗುಂತಕಲ್ಲು–ಬೆಂಗಳೂರು ಮೀಟರ್‌ಗೇಜ್ ಹಾದಿ ಹಿಂದೂಪುರ, ಗೌರಿಬಿದನೂರು ಮೂಲಕ ಬಂದಿದ್ದು 1890ರ ದಶಕದಲ್ಲಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಪುಟ್ಟ ನ್ಯಾರೋಗೇಜ್ ಗಾಡಿ ಅದಾದ ಮೇಲೆ. ರೈಲ್ವೆಯವರು, ಮೇಷ್ಟ್ರುಗಳು, ತಾಲ್ಲೂಕು ಕಚೇರಿ ಗುಮಾಸ್ತರು, ಮಂಡಿ ವ್ಯಾಪಾರಿಗಳು ಎಲ್ಲರಿಗೂ ಮನೆ ಬೇಕು. ವಠಾರ ಹುಟ್ಟಿದ್ದು ಹಾಗೆ: ಒಂದು ಬಾಗಿಲು, ಒಂದು ಬಾವಿ, ಸಾಲಾಗಿ ಮನೆಗಳು. ಶಿಡ್ಲಘಟ್ಟದಲ್ಲಿ ಇದಕ್ಕೆ ಇನ್ನೊಂದು ರೂಪ. ಅಲ್ಲಿ ಮನೆ ಜೊತೆ ರೇಷ್ಮೆ ಬಿಚ್ಚೋ ಚರಕಕ್ಕೂ ಜಾಗ ಬೇಕು, ಗೂಡು ಬೇಯಿಸೋ ನೀರಿಗೂ ದಾರಿ ಬೇಕು. ಅದನ್ನ ಒಪ್ಪೋ ಮಾಲೀಕ ಸಿಗೋದೇ ಕಷ್ಟ, ವಾಸನೆ ಬಲ್ಲವರಿಗೆ ಯಾಕೆ ಅಂತ ಹೇಳಬೇಕಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಮನೆಗಳ ಬರ ಬಂದು ಮೈಸೂರು ಸರ್ಕಾರ ಬಾಡಿಗೆ ನಿಯಂತ್ರಣ ತಂತು. ಆಮೇಲೆ 1951ರ ಕಾಯ್ದೆ, 1961ರ ಕಾಯ್ದೆ. 1961ರದ್ದು ಬಿಗಿಯಾಗಿತ್ತು. ಅದು ಜಾರಿಯಲ್ಲಿದ್ದ ಊರುಗಳಲ್ಲಿ ಮನೆ ಖಾಲಿಯಾದ್ರೆ ಮಾಲೀಕರು ಕಂಟ್ರೋಲರಿಗೆ ತಿಳಿಸಬೇಕಿತ್ತು, ಆ ಮನೆ ಯಾರಿಗೆ ಅಂತ ಅವರು ಹೇಳಬಹುದಿತ್ತು. ನಮ್ಮ ತಾತಂದಿರು ಮನೆ ಬಾಡಿಗೆಗೆ ಕೊಡೋಕೆ ಹೆದರುತ್ತಿದ್ದರು ಅಂದ್ರೆ ಇದೂ ಒಂದು ಕಾರಣ. ಈಗಿರೋದು 1999ರ ಕರ್ನಾಟಕ ಬಾಡಿಗೆ ಕಾಯ್ದೆ, ಜಾರಿಯಾಗಿದ್ದು 2001ರ ಕೊನೆಗೆ. ಬಾಡಿಗೆ ಕರಾರು ಬರವಣಿಗೆಯಲ್ಲೇ ಇರಬೇಕು ಅಂತ ಅದು ಹೇಳುತ್ತೆ. ಆದರೆ ದೊಡ್ಡ ಪಟ್ಟಣಗಳಲ್ಲಿ ತಿಂಗಳಿಗೆ 3500, ಬೇರೆ ಕಡೆ 2000 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನ ಹೊರಗಿಟ್ಟುಬಿಟ್ಟಿತು. ಆವತ್ತು ದೊಡ್ಡದಾಗಿ ಕಂಡ ಮೊತ್ತಗಳಿವು. ಇವತ್ತು 2000 ರೂಪಾಯಿಗೆ ಚಿಕ್ಕಬಳ್ಳಾಪುರದಲ್ಲಿ ಎಂಥ ಮನೆ ಸಿಗುತ್ತೆ ಅಂತ ನೀವೇ ಹೇಳಿ.

11 ತಿಂಗಳ ಕರಾರು ಯಾಕೆ ಅಂತ ತುಂಬ ಜನ ಕೇಳ್ತಾರೆ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೇಲ್ಪಟ್ಟ ಗುತ್ತಿಗೆಯನ್ನ ನೋಂದಾಯಿಸಬೇಕು. 11 ತಿಂಗಳಾದ್ರೆ ಬೇಡ. ನೂರು ವರ್ಷ ದಾಟಿದ ಒಂದು ಸಾಲಿನಿಂದ ತಪ್ಪಿಸಿಕೊಳ್ಳೋಕೆ ನಾವಿನ್ನೂ ಪ್ರತಿವರ್ಷ ಛಾಪಾ ಕಾಗದ ಕೊಳ್ತಾ ಇದ್ದೀವಿ.

ಫೋಟೋ 5: ‘ಲೀಸ್‌ಗೆ’ ಅಂತ ಬರೆದ ಗೋಡೆ

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಮೂರು ವರ್ಷಕ್ಕೆ ಇಷ್ಟು ಲಕ್ಷ ಅಂತ ಒಟ್ಟಿಗೆ ಕೊಟ್ಟು, ಬಾಡಿಗೆ ಇಲ್ಲದೆ ಇದ್ದು, ಹೋಗುವಾಗ ದುಡ್ಡು ವಾಪಸ್ ತಗೊಳ್ಳೋದು. ನಾವು ‘ಲೀಸು’ ಅಂತೀವಿ, ಹಿರಿಯರು ‘ಭೋಗ್ಯ’ ಅಂತಾರೆ. ಹಿರಿಯರು ಹೇಳೋದೇ ಸರಿ! ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಅನ್ನೋ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಆರನೇ ವಿಕ್ರಮಾದಿತ್ಯನ ಕಾಲದವನು. ಅಡವಿನಲ್ಲಿ ಎರಡು ಬಗೆ ಅಂತ ಅಲ್ಲಿದೆ: ಗೋಪ್ಯ, ಅಂದ್ರೆ ಸುಮ್ಮನೆ ಕಾಪಾಡಬೇಕಾದದ್ದು, ಮತ್ತು ಭೋಗ್ಯ, ಅಂದ್ರೆ ಅನುಭವಿಸಬಹುದಾದದ್ದು. ಅನುಭವಿಸೋ ಅಡವು ಎಷ್ಟು ಕಾಲವಾದ್ರೂ ಸಾಲ ಕೊಟ್ಟವನ ಸ್ವತ್ತಾಗೋದಿಲ್ಲ, ಮಾಲೀಕ ಅಸಲು ತೀರಿಸಿ ಬಿಡಿಸಿಕೊಳ್ಳಬಹುದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ಇದೇ ಸ್ವಾಧೀನ ಅಡಮಾನ ಅಂತ ಬಂದು ಕೂತಿದೆ.

ಅಂದ್ರೆ ಭೋಗ್ಯಕ್ಕೆ ಮನೆ ಹಿಡಿದ ನೀವು ನಿಜಕ್ಕೂ ಸಾಲ ಕೊಟ್ಟವರು, ಮನೆ ನಿಮ್ಮ ಸಾಲಕ್ಕೆ ಅಡವು. ಆದರೆ 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಇಂಥ ಅಡಮಾನಕ್ಕೆ ನೋಂದಣಿ ಬೇಕು ಅನ್ನುತ್ತೆ ಕಾನೂನು. ನಾವು ಲಕ್ಷಗಟ್ಟಲೆ ಕೊಟ್ಟು ಛಾಪಾ ಕಾಗದದ ಮೇಲೆ ಇಬ್ಬರು ಸಾಕ್ಷಿ ಹಾಕಿಸಿ ಸುಮ್ಮನಾಗ್ತೀವಿ. ಮಾಲೀಕರು ಅದೇ ಮನೆ ಮೇಲೆ ಬ್ಯಾಂಕ್ ಸಾಲ ತಗೊಂಡು ಕಟ್ಟದೇ ಹೋದ್ರೆ, 2002ರ ಸರ್ಫೇಸಿ ಕಾಯ್ದೆ ಕೆಳಗೆ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸ್ತಾರೆ. ಆಗ ನಿಮ್ಮ ಕೈಲಿರೋ ಕಾಗದಕ್ಕೆ ಬಲ ಬಹಳ ಕಡಿಮೆ. ಭೋಗ್ಯಕ್ಕೆ ಹೋಗೋ ಮುಂಚೆ ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ, ಅದೇ ಇ.ಸಿ., ತೆಗೆಸಿ ನೋಡಿ. ಹೊಳೆದಂಡೆ ಮನೆ ಆದ್ರೂ ಅಷ್ಟೆ, ಊರ ಮಧ್ಯದ್ದಾದ್ರೂ ಅಷ್ಟೆ.

ಫೋಟೋ 6: ಲಾರಿ ಗಾಲಿಯ ಗುರುತು

ಈಗ ಮರಳಿನ ವಿಷಯ. ಬೋರ್‌ವೆಲ್ ಬಂತು, ಮೊದಲು ಇನ್ನೂರು ಅಡಿ, ಆಮೇಲೆ ಸಾವಿರ ದಾಟಿತು. ಕೆರೆಗಳಲ್ಲಿ ಹೂಳು ತುಂಬಿತು, ಮೇಲಿನ ಜಾಗದಲ್ಲಿ ನೀಲಗಿರಿ ನೆಟ್ಟರು, ಕೋಡಿ ಹರಿಯೋದು ಅಪರೂಪವಾಯ್ತು. ಒಣಗಿದ ಹೊಳೆಯ ಮರಳು ಬೆಂಗಳೂರಿಗೆ ಹೋಯ್ತು. ಅಲ್ಲಿ ಏಳುತ್ತಿದ್ದ ಮನೆಗಳಿಗೆ ಬೇಕಿತ್ತಲ್ಲ. ಹೊಳೆ ಮರಳು ಮುಗಿದ ಮೇಲೆ ಮಣ್ಣು ತೊಳೆದು ‘ಫಿಲ್ಟರ್ ಮರಳು’ ಮಾಡಿದ್ರು. ಮರಳು ಹೋದ ಮೇಲೆ ಒರತೆ ಎಲ್ಲಿಂದ? ತಲಪರಿಗೆ ಅನ್ನೋ ಪದವೇ ಮಕ್ಕಳಿಗೆ ಗೊತ್ತಿಲ್ಲದ ಹಾಗಾಯ್ತು.

ಹೊಳೆ ಹರಿಯೋದನ್ನೇ ನೋಡದ ಒಂದು ತಲೆಮಾರು ಬೆಳೀತು. ಅದೇ ಹೊತ್ತಿಗೆ 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಆಯ್ತು. ಕಚೇರಿ, ಕಾಲೇಜು, ಕಾರ್ಖಾನೆ, ಬೆಂಗಳೂರಿಗೆ ದಿನಾ ರೈಲಲ್ಲಿ ಹೋಗಿಬರೋರು ಎಲ್ಲ ಸೇರಿ ಬಾಡಿಗೆ ಮನೆಗೆ ಬೇಡಿಕೆ. ತಗ್ಗಿನ ಜಾಗ ಅಗ್ಗ. ಅಗ್ಗದ ಸೈಟಿನಲ್ಲಿ ಕಟ್ಟಿದ ಮನೆಗೆ ಮಾಲೀಕ ತಾನು ಬರೋದು ಕಡಿಮೆ, ಬಾಡಿಗೆಗೇ ಕೊಡ್ತಾನೆ. ಬರೋರು ಹೊರಗಿನವರು, ಹೊಳೆ ಎಲ್ಲಿವರೆಗೆ ಏರುತ್ತೆ ಅಂತ ಹೇಳೋ ಅಜ್ಜಿ ಅವರ ಮನೇಲಿಲ್ಲ.

ಫೋಟೋ 7: 2021ರ ನವೆಂಬರ್

ಆ ತಿಂಗಳು ಬಂದ ಮಳೆ ನೆನಪಿದೆಯಾ? ಜಿಲ್ಲೆಯ ಕೆರೆಗಳು ಒಂದರ ಮೇಲೊಂದು ಕೋಡಿ ಬಿದ್ದವು. ಚಿಕ್ಕಬಳ್ಳಾಪುರದಲ್ಲಿ ಕಂದವಾರ ಕೆರೆ ತುಂಬಿ ಹರಿದು ಊರೊಳಗೆ ನೀರು ಬಂತು. ಪಿನಾಕಿನಿ ಎರಡೂ ದಡ ಮುಟ್ಟಿ ಹರಿದಳು, ಜನ ಮೊದಲ ದಿನ ಬಾಗಿನ ಕೊಡೋಕೆ, ಫೋಟೋ ತೆಗೆಯೋಕೆ ಓಡಿದ್ರು. ಕೆಳಗಡೆ ಕಡಪ ಜಿಲ್ಲೆಯಲ್ಲಿ ಪಾಪಾಗ್ನಿಯ ಸೇತುವೆಯೇ ಕುಸಿಯಿತು. 2022ರಲ್ಲೂ ಮಳೆ ಬಿಡಲಿಲ್ಲ.

ಇಂಥ ಹೊತ್ತಲ್ಲಿ ಬಾಡಿಗೆದಾರನ ಸ್ಥಿತಿ ಏನು? ಗೋಡೆ ಬಿದ್ದ ಪರಿಹಾರ ಮನೆ ಯಾರ ಹೆಸರಲ್ಲಿದೆಯೋ ಅವರಿಗೆ. ನೀರು ನುಗ್ಗಿ ಬಟ್ಟೆಬರೆ, ಪಾತ್ರೆ ಹಾಳಾದದ್ದಕ್ಕೆ ಬರೋದು ಅಲ್ಲಿ ವಾಸ ಇರೋ ಕುಟುಂಬಕ್ಕೆ. ಆದರೆ ವಾಸ ಇದ್ದೀರಿ ಅಂತ ತೋರಿಸೋದು ಹೇಗೆ? ರೇಷನ್ ಕಾರ್ಡು ಊರಿನ ವಿಳಾಸದಲ್ಲಿ, ಕರೆಂಟ್ ಬಿಲ್ಲು ಮಾಲೀಕರ ಹೆಸರಲ್ಲಿ, ಕರಾರು ಬಾಯಿಮಾತಲ್ಲಿ. ಕಂದಾಯದವರು ಪಟ್ಟಿ ಬರೆಯೋಕೆ ಬಂದಾಗ ಬಾಗಿಲಲ್ಲಿ ನೀರು ಎತ್ತಿಹಾಕ್ತಾ ನಿಂತವರ ಕೈಲಿ ಒಂದು ಚೀಟಿಯೂ ಇರಲ್ಲ. ನನಗೆ ಇಡೀ ಕಥೆಯಲ್ಲಿ ಕಾಡೋದು ಇದೇ.

ಫೋಟೋ 8: ಗ್ರಾಮ ನಕ್ಷೆ

ಮೈಸೂರು ಸಂಸ್ಥಾನದಲ್ಲಿ ಕಂದಾಯ ಮೋಜಣಿ ಶುರುವಾಗಿದ್ದು 1863ರಲ್ಲಿ. ಅದರಿಂದ ಬಂದ ಗ್ರಾಮ ನಕ್ಷೆಗಳಲ್ಲಿ ಹೊಳೆ, ಹಳ್ಳ, ಕೆರೆ, ರಾಜಕಾಲುವೆ ಎಲ್ಲಕ್ಕೂ ಗೆರೆ ಇದೆ. ಬೇಸಾಯಕ್ಕೆ ಬಾರದ ಈ ನೆಲಕ್ಕೆ ‘ಖರಾಬು’ ಅಂತ ಹೆಸರು, ಸಾರ್ವಜನಿಕರದ್ದಾದ್ರೆ ‘ಬಿ ಖರಾಬು’. ನೀರು ಬತ್ತಿದ್ರೂ ಗೆರೆ ಬತ್ತಿಲ್ಲ. ಸರ್ಕಾರದ ‘ದಿಶಾಂಕ್’ ಆ್ಯಪಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತೆ, ಪಕ್ಕದಲ್ಲಿ ಕಾಲುವೆ ಇತ್ತಾ ಅಂತಲೂ. ಮನೆ ನೋಡೋಕೆ ಹೋದಾಗ ಅಡುಗೆಮನೆ ಕಪಾಟು ನೋಡೋ ಮುಂಚೆ ಇದನ್ನ ನೋಡಿ. ಆಮೇಲೆ ಬೀದಿಯ ಹಳೇ ಅಂಗಡಿಯವರನ್ನ ಕೇಳಿ, “ಅಣ್ಣಾ, ಆ ಮಳೇಲಿ ನೀರು ಎಲ್ಲಿವರೆಗೆ ಬಂದಿತ್ತು?” ಗೋಡೆ ಮೇಲೆ ಕೈಯಿಟ್ಟು ತೋರಿಸ್ತಾರೆ.

ಇನ್ನೊಂದು ಸಂಗತಿ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನ ಸಂಸ್ಕರಿಸಿ ನಮ್ಮ ಕಡೆಯ ಕೆರೆಗಳಿಗೆ ತುಂಬಿಸೋ ಯೋಜನೆ ಗೊತ್ತಲ್ಲ, ಎಚ್.ಎನ್. ವ್ಯಾಲಿ. ದಿನಕ್ಕೆ 210 ದಶಲಕ್ಷ ಲೀಟರ್, 65 ಕೆರೆ ಅಂತ ಲೆಕ್ಕ. ಕಂದವಾರ ಕೆರೆಯೂ ಅದರಲ್ಲಿದೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಅನ್ನೋ ಹೋರಾಟ ಇವತ್ತಿಗೂ ನಡೀತಿದೆ. ನಮ್ಮ ಹೊಳೆಯ ಮರಳು ಬೆಂಗಳೂರಿನ ಗೋಡೆಗಳಲ್ಲಿದೆ, ಆ ಮನೆಗಳ ಬಚ್ಚಲ ನೀರು ನಮ್ಮ ಕೆರೆಯಲ್ಲಿದೆ. ಬಾಡಿಗೆ ಮಟ್ಟಿಗೆ ಇದರ ಅರ್ಥ ಇಷ್ಟು: ಮೊದಲು ಬೇಸಿಗೇಲಿ ಖಾಲಿ ಇರ್ತಿದ್ದ ಕೆರೆ ಈಗ ಮಳೆಗಾಲದ ಮೊದಲೇ ಅರ್ಧ ತುಂಬಿರಬಹುದು. ಜೋರು ಮಳೆಗೆ ಅದರಲ್ಲಿ ಉಳಿದಿರೋ ಜಾಗ ಅಷ್ಟು ಕಡಿಮೆ. ಕೋಡಿಯ ಕೆಳಗಿನ ಬೀದೀಲಿ ಮನೆ ಹುಡುಕ್ತಾ ಇದ್ರೆ ಕೆರೆ ಕಡೆ ಒಂದು ಸುತ್ತು ಹೋಗಿ, ಕೋಡಿ ಕಾಲುವೆ ತೆರೆದಿದೆಯಾ, ಅದರ ಮೇಲೆ ಮನೆ ಎದ್ದಿದೆಯಾ ನೋಡಿ ಬನ್ನಿ.

ಮುಂದಿನ ಕಂತು ಶಿಡ್ಲಘಟ್ಟದ ಗೌಡನಕೆರೆ, ಅಮ್ಮನಕೆರೆ. ನಿಮ್ಮ ಮನೆ ಟ್ರಂಕಿನಲ್ಲಿ ಹಳೇ ಭೋಗ್ಯಪತ್ರ, ಬಾಡಿಗೆ ಚೀಟಿ ಇದ್ರೆ ಹೆಸರು ಮುಚ್ಚಿ ಫೋಟೋ ಕಳಿಸಿ. ಅದರಲ್ಲಿ ಚಕ್ಕುಬಂದಿ ಬರೆದಿರ್ತಾರೆ, ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಅಂತ. ‘ಹಳ್ಳ’ ಅಂತ ಎಲ್ಲಿ ಬರುತ್ತೆ ನೋಡೋಣ.

#ಗೌರಿಬಿದನೂರು #ಉತ್ತರಪಿನಾಕಿನಿ #ಚಿಕ್ಕಬಳ್ಳಾಪುರ #ಬಾಡಿಗೆಮನೆ #ನಮ್ಮೂರಚರಿತ್ರೆ