ಅಪ್ಪನ ನೋಟ್‌ಬುಕ್ಕು ಮತ್ತು ಈ ವಾರದ ಟಾಪ್ 50

ಕಳೆದ ಭಾನುವಾರ ರಾತ್ರಿ ಊಟ ಮುಗಿಸಿ, ಮಗಳ ಫೋನಿನಲ್ಲಿ ಈ ವಾರದ ಟಾಪ್ 50 ಹಾಡುಗಳ ಪಟ್ಟಿ ನೋಡುತ್ತ ಕೂತಿದ್ದೆ. ಐವತ್ತರಲ್ಲಿ ನನಗೆ ಗೊತ್ತಿದ್ದದ್ದು ಒಂಬತ್ತು. ಆ ಒಂಬತ್ತರಲ್ಲಿ ನಾಲ್ಕು ಹಾಡುಗಳು ಹೋದ ವರ್ಷವೂ ಅದೇ ಪಟ್ಟಿಯಲ್ಲಿದ್ದವು. ಹಾಡುಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಪತ್ರ ನಿಮ್ಮ ಕೈ ಸೇರುವಷ್ಟರಲ್ಲಿ ಅವುಗಳ ಜಾಗ ಬದಲಾಗಿರುತ್ತದೆ. ಆದರೆ ಪಟ್ಟಿ ನೋಡುತ್ತಿದ್ದಾಗ ಹುಟ್ಟಿದ ಒಂದು ಪ್ರಶ್ನೆ ವಾರವಿಡೀ ಬಿಡಲಿಲ್ಲ. ಇದು ದೇಶದ ಮೊದಲ ಹಾಡು ಎಂದು ಹೇಳುವಾಗ, ಯಾರನ್ನು ಕೇಳಿ ಹೇಳುತ್ತಾರೆ?

ಆ ಪ್ರಶ್ನೆ ಬರಲು ಕಾರಣ ನಮ್ಮ ಮನೆಯ ಅಟ್ಟದಲ್ಲಿರುವ ಒಂದು ನೋಟ್‌ಬುಕ್ಕು. ಅಪ್ಪ 1966ರಲ್ಲಿ ಇಂಡಿ ತಾಲ್ಲೂಕಿನ ಹಳ್ಳಿಯಿಂದ ಪುಣೆಗೆ ಕೆಲಸ ಹುಡುಕಿಕೊಂಡು ಬಂದವರು. ಯೆರವಡಾದ ಜೈಲು ರಸ್ತೆಯ ಹಿಂದಿನ ಚಾಳಿನಲ್ಲಿ ಒಂದು ಖೋಲಿ ಹಿಡಿದರು. ಮೊದಲ ವರ್ಷದ ಉಳಿತಾಯದಲ್ಲಿ ತಂದದ್ದು ಹಳೆಯ ರೇಡಿಯೋ. ಆಗ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು. ಆ ಲೈಸೆನ್ಸ್ ಪುಸ್ತಕವೂ ನೋಟ್‌ಬುಕ್ಕಿನೊಳಗೇ ಇದೆ.

ನೋಟ್‌ಬುಕ್ಕಿನಲ್ಲಿ ಇರುವುದೆಲ್ಲ ಬುಧವಾರಗಳು. ಪ್ರತಿ ಪುಟದ ಮೇಲೆ ತಾರೀಖು, ಕೆಳಗೆ ಅಂಕಿ, ಅಂಕಿಯ ಮುಂದೆ ಹಿಂದಿ ಹಾಡಿನ ಮೊದಲೆರಡು ಶಬ್ದ ಕನ್ನಡ ಲಿಪಿಯಲ್ಲಿ, ನಂತರ ಚಿತ್ರದ ಹೆಸರು. ಒಂದು ಹಾಡು ಹಿಂದಿನ ವಾರಕ್ಕಿಂತ ಮೇಲೇರಿದ್ದರೆ ಕೆಂಪು ಬಾಣ, ಇಳಿದಿದ್ದರೆ ನೀಲಿ. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನ್‌ನಿಂದ ಬರುತ್ತಿದ್ದ ‘ಬಿನಾಕಾ ಗೀತಮಾಲಾ’ದ ಲೆಕ್ಕ ಅದು. ನಿಮ್ಮಲ್ಲಿ ಹಲವರ ಮನೆಯಲ್ಲೂ ಇಂಥ ಒಂದು ನೋಟ್‌ಬುಕ್ಕು ಇದ್ದಿರಬಹುದು.

ಆ ಕಾರ್ಯಕ್ರಮ ಹುಟ್ಟಿದ ಕಥೆಯಲ್ಲಿ ಪುಣೆಗೂ ಒಂದು ಪಾತ್ರವಿದೆ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಪುಣೆಯಲ್ಲಿ ಹುಟ್ಟಿದವರು, ಶಾಸ್ತ್ರೀಯ ಸಂಗೀತದ ಪಕ್ಷಪಾತಿ. ಸಿನಿಮಾ ಹಾಡು ಜನರ ಅಭಿರುಚಿ ಕೆಡಿಸುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಆಕಾಶವಾಣಿಯಲ್ಲಿ ಸಿನಿಮಾ ಹಾಡಿನ ಸಮಯ ಕಡಿಮೆಯಾಯಿತು. ಹಾಡಿನ ಜೊತೆ ಚಿತ್ರದ ಹೆಸರು ಹೇಳಿದರೆ ಜಾಹೀರಾತಾಗುತ್ತದೆಂದು ಅದನ್ನೂ ನಿಲ್ಲಿಸಿದರು. ನಿರ್ಮಾಪಕರು ಸಿಟ್ಟಾಗಿ ಹಾಡುಗಳ ಪರವಾನಗಿಯನ್ನೇ ಹಿಂದೆ ಪಡೆದರು. ದೇಶದ ರೇಡಿಯೋದಿಂದ ಸಿನಿಮಾ ಹಾಡು ಹೆಚ್ಚುಕಡಿಮೆ ಮಾಯವಾಯಿತು.

ಕೇಳುವವರು ಮಾಯವಾಗಲಿಲ್ಲ. ಅವರು ರೇಡಿಯೋದ ಮುಳ್ಳನ್ನು ಶಾರ್ಟ್‌ವೇವ್ ಕಡೆ ತಿರುಗಿಸಿದರು. ಕೊಲಂಬೊದ ರೇಡಿಯೋ ಸಿಲೋನ್‌ಗೆ ಜಾಹೀರಾತು ತೆಗೆದುಕೊಳ್ಳಲು ಅಡ್ಡಿಯಿರಲಿಲ್ಲ, ಸಿನಿಮಾ ಹಾಡಿಗೂ ಅಡ್ಡಿಯಿರಲಿಲ್ಲ. ಅಲ್ಲಿ ಬಿನಾಕಾ ಟೂತ್‌ಪೇಸ್ಟಿನ ಕಂಪನಿ ಆಗಲೇ ಇಂಗ್ಲಿಷ್ ಪಾಪ್ ಹಾಡುಗಳ ‘ಹಿಟ್ ಪರೇಡ್’ ಒಂದನ್ನು ನಡೆಸುತ್ತಿತ್ತು. ಅದರ ಹಿಂದಿ ತಮ್ಮನಂತೆ 1952ರ ಡಿಸೆಂಬರ್ 3, ಬುಧವಾರ, ಗೀತಮಾಲಾ ಶುರುವಾಯಿತು. ನಿರೂಪಕ ಅಮೀನ್ ಸಯಾನಿಗೆ ಆಗ ಇಪ್ಪತ್ತು ತುಂಬಲು ಇನ್ನೂ ಹದಿನೆಂಟು ದಿನ ಬಾಕಿ. ಮುಂಬಯಿಯಲ್ಲಿ ಧ್ವನಿಮುದ್ರಣ, ಟೇಪು ವಿಮಾನದಲ್ಲಿ ಕೊಲಂಬೊಗೆ ಹೋಗುತ್ತಿತ್ತು, ಅಲ್ಲಿಂದ ಅಲೆಗಳ ಮೇಲೆ ನಮ್ಮ ಚಾಳಿಗೆ ವಾಪಸು ಬರುತ್ತಿತ್ತು.

ಇದಕ್ಕೆ ಸರಿಯಾಗಿ ಹತ್ತೊಂಬತ್ತು ದಿನ ಮೊದಲು, ನವೆಂಬರ್ 14ರಂದು, ಲಂಡನ್ನಿನ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆ ಬ್ರಿಟನ್ನಿನ ಮೊದಲ ಸಿಂಗಲ್ಸ್ ಪಟ್ಟಿಯನ್ನು ಅಚ್ಚು ಹಾಕಿತ್ತು. ಅದನ್ನು ಮಾಡಿದ ವಿಧಾನ ಬಹಳ ಸರಳ. ಪತ್ರಿಕೆಯವರು ಸುಮಾರು ಇಪ್ಪತ್ತು ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ಈ ವಾರ ಯಾವುದು ಹೆಚ್ಚು ಮಾರಾಟವಾಯಿತು ಎಂದು ಕೇಳಿ, ಉತ್ತರಗಳನ್ನು ಕೂಡಿಸಿದರು. ಇಡೀ ದೇಶದ ಜನಪ್ರಿಯತೆಯ ಪಟ್ಟಿ ಇಪ್ಪತ್ತು ಅಂಗಡಿಯವರ ಮಾತಿನ ಮೇಲೆ ನಿಂತಿತು.

ಗೀತಮಾಲಾ ಮೊದಲಿಗೆ ಅಂಥ ಪಟ್ಟಿಯಾಗಿರಲಿಲ್ಲ. ಏಳು ಹಾಡುಗಳನ್ನು ಹೇಗೋ ಒಂದು ಕ್ರಮದಲ್ಲಿ ಹಾಕುತ್ತಿದ್ದರು. ಸರಿಯಾದ ಕ್ರಮವನ್ನು ಊಹಿಸಿ ಕೇಳುಗರು ಪತ್ರ ಬರೆಯಬೇಕು. ಬಹುಮಾನ ನೂರು ರೂಪಾಯಿ. ಮೊದಲ ಕಾರ್ಯಕ್ರಮಕ್ಕೇ 9,000 ಪತ್ರ ಬಂದವೆಂದು, ಮುಂದೆ ಅದು ವಾರಕ್ಕೆ 65,000ಕ್ಕೆ ಏರಿತೆಂದು ಸಯಾನಿ ಸಂದರ್ಶನಗಳಲ್ಲಿ ಹೇಳುತ್ತಿದ್ದರು. ಅಷ್ಟು ಪತ್ರ ತೆರೆದು ನೋಡುವುದು ಆಗದ ಕೆಲಸ. 1954ರಲ್ಲಿ ಸ್ಪರ್ಧೆ ಬಿಟ್ಟು ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಹತ್ತುವ ಪಟ್ಟಿ ಮಾಡಿದರು. ಮೆಟ್ಟಿಲಿಗೆ ಸಯಾನಿ ಬಳಸಿದ ಶಬ್ದ ‘ಪಾಯದಾನ್’. ಅಪ್ಪ ಸಾಯುವವರೆಗೆ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಾಗಲೂ ‘ನಾನು ಮೂರನೇ ಪಾಯದಾನ್‌ನಾಗ ಅದೀನಿ’ ಎನ್ನುತ್ತಿದ್ದರು.

ಎಣಿಕೆಗೆ ಆಧಾರ ರೆಕಾರ್ಡ್ ಅಂಗಡಿಗಳ ಮಾರಾಟ. ಇದರಲ್ಲೊಂದು ತೊಡಕಿತ್ತು. ಅಂಗಡಿಯಲ್ಲಿ ರೆಕಾರ್ಡುಗಳು ಖಾಲಿಯಾದರೆ ಆ ವಾರ ಮಾರಾಟ ನಿಲ್ಲುತ್ತದೆ. ಹಾಡಿನ ಮೇಲಿನ ಆಸೆ ನಿಲ್ಲುವುದಿಲ್ಲ. ಇನ್ನೂ ದೊಡ್ಡ ತೊಡಕೆಂದರೆ, ಆ ಕಾಲದಲ್ಲಿ ರೆಕಾರ್ಡು ಕೊಳ್ಳುವ ಮನೆ ಎಷ್ಟಿದ್ದವು? ನಮ್ಮ ಚಾಳಿನ ಹದಿನಾಲ್ಕು ಖೋಲಿಗಳಲ್ಲಿ ಗ್ರಾಮಫೋನ್ ಒಂದೂ ಇರಲಿಲ್ಲ. ಹಾಗಾಗಿ ಊರೂರಿನ ರೇಡಿಯೋ ಕೇಳುಗರ ಸಂಘಗಳ, ಅಂದರೆ ‘ಶ್ರೋತಾ ಸಂಘ’ಗಳ, ಆಯ್ಕೆಯನ್ನೂ ಲೆಕ್ಕಕ್ಕೆ ಸೇರಿಸಿದರು. ಗ್ರಾಮಫೋನ್ ಇಲ್ಲದವರಿಗೂ ಒಂದು ಬಾಗಿಲು ತೆರೆಯಿತು. ಆಗ ಬಿಹಾರದಲ್ಲಿದ್ದ ಅಭ್ರಕದ ಗಣಿಯೂರು ಝುಮ್ರಿ ತಲೈಯಾದ ಹೆಸರು ಇಡೀ ದೇಶಕ್ಕೆ ಗೊತ್ತಾದದ್ದು ರೇಡಿಯೋ ಕೋರಿಕೆಯ ಪತ್ರಗಳಿಂದಲೇ. ಸಣ್ಣ ಊರಿನ ಜನ ಅಂಚೆ ಕಾರ್ಡು ಬರೆದು ಬರೆದು ತಮ್ಮನ್ನು ಎಣಿಕೆಗೆ ಸೇರಿಸಿಕೊಂಡರು.

ಎಣಿಸುವ ಸಾಧನ ಬದಲಾದರೆ ಪಟ್ಟಿಯೇ ಬೇರೆಯಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಒಳ್ಳೆಯ ಸಾಕ್ಷಿ ಇದೆ. ಅಲ್ಲಿನ ‘ಬಿಲ್‌ಬೋರ್ಡ್’ ಪತ್ರಿಕೆ ದಶಕಗಳ ಕಾಲ ಅಂಗಡಿಯವರ ಬಾಯಿಮಾತನ್ನೇ ನಂಬಿತ್ತು. 1991ರ ಮೇ ತಿಂಗಳಲ್ಲಿ ಆಲ್ಬಮ್ ಪಟ್ಟಿಗೆ ಬಾರ್‌ಕೋಡ್ ಲೆಕ್ಕ ಬಂತು. ಗಲ್ಲಾದ ಮೇಲೆ ಕೆಂಪು ಬೆಳಕು ಬಿದ್ದ ಡಬ್ಬಿ ಮಾತ್ರ ಎಣಿಕೆ. ಕೆಲವೇ ವಾರಗಳಲ್ಲಿ ಲಾಸ್ ಏಂಜಲೀಸಿನ ಕಪ್ಪು ಹುಡುಗರ ರ‍್ಯಾಪ್ ತಂಡ ಎನ್‌.ಡಬ್ಲ್ಯೂ.ಎ.ಯ ಆಲ್ಬಮ್ ಮೊದಲ ಸ್ಥಾನಕ್ಕೆ ಬಂತು. ಸೆಪ್ಟೆಂಬರಿನಲ್ಲಿ ಹಳ್ಳಿಗಾಡಿನ ‘ಕಂಟ್ರಿ’ ಗಾಯಕ ಗಾರ್ತ್ ಬ್ರೂಕ್ಸ್‌ನ ಆಲ್ಬಮ್ ಬಂದ ವಾರವೇ ಮೊದಲ ಸ್ಥಾನ ಹಿಡಿಯಿತು. ಜನ ಒಂದು ಬೇಸಿಗೆಯಲ್ಲಿ ಬದಲಾಗಿರಲಿಲ್ಲ. ರ‍್ಯಾಪ್ ಕೇಳುವವರೂ ಕಂಟ್ರಿ ಕೇಳುವವರೂ ಮೊದಲಿನಿಂದ ಇದ್ದರು. ಗಲ್ಲಾದ ಹಿಂದೆ ಕೂತವನು ಅವರನ್ನು ಮರೆಯುತ್ತಿದ್ದ, ಯಂತ್ರ ಮರೆಯಲಿಲ್ಲ.

ಈಗ ನನ್ನ ಮಗಳ ಫೋನಿಗೆ ಬರೋಣ. ಈ ಪಟ್ಟಿ ಯಾರನ್ನೂ ಕೇಳುವುದಿಲ್ಲ. ಯಾವ ಖಾತೆಯಿಂದ ಯಾವ ಹಾಡು ಎಷ್ಟು ಸಲ ಓಡಿತು ಎಂಬುದನ್ನು ತಾನೇ ಎಣಿಸಿಕೊಳ್ಳುತ್ತದೆ. ಕಾರ್ಡು ಬರೆಯಬೇಕಿಲ್ಲ, ಸಂಘ ಕಟ್ಟಬೇಕಿಲ್ಲ. ಇಷ್ಟು ನಿಖರವಾದ ಲೆಕ್ಕ ಅಪ್ಪನ ಕಾಲದಲ್ಲಿ ಕನಸಿನಲ್ಲೂ ಸಾಧ್ಯವಿರಲಿಲ್ಲ. ಅದನ್ನು ಸುಮ್ಮನೆ ಹೀಗಳೆಯಲಾರೆ.

ಆದರೂ ಎರಡು ಮಾತು. ಮೊದಲನೆಯದು, ‘ಓಡಿತು’ ಎಂದರೆ ‘ಕೇಳಿದರು’ ಎಂದೇ ಅರ್ಥವಾಗಬೇಕಿಲ್ಲ. 2019ರ ಜುಲೈಯಲ್ಲಿ ಬಾದ್‌ಷಾ ಅವರ ‘ಪಾಗಲ್’ ಹಾಡು ಯೂಟ್ಯೂಬಿನಲ್ಲಿ 24 ಗಂಟೆಗಳಲ್ಲಿ ಏಳೂವರೆ ಕೋಟಿ ವೀಕ್ಷಣೆ ಪಡೆಯಿತೆಂದು ಸುದ್ದಿಯಾಯಿತು. ಹಾಡನ್ನು ಜಾಹೀರಾತಾಗಿ ತೋರಿಸಿದಾಗ ಸಿಕ್ಕ ವೀಕ್ಷಣೆಗಳೂ ಅದರಲ್ಲಿ ಸೇರಿದ್ದವು. ಆ ಕಾಲಕ್ಕೆ ಅದು ನಿಯಮಕ್ಕೆ ವಿರುದ್ಧವೂ ಆಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ತನ್ನ ಪಟ್ಟಿಗಳಿಂದ ಜಾಹೀರಾತಿನ ವೀಕ್ಷಣೆಯನ್ನು ಕೈಬಿಟ್ಟಿತು. ಜಾಹೀರಾತಿಲ್ಲದೆಯೂ ಒಂದು ಹಾಡು ಮುಗಿದ ಮೇಲೆ ಇನ್ನೊಂದನ್ನು ಆ್ಯಪ್ ತಾನಾಗಿಯೇ ಹಾಕುತ್ತದೆ. ಪಟ್ಟಿಯಲ್ಲಿದೆ ಎಂದು ಅದು ಓಡುತ್ತದೆ, ಓಡುತ್ತದೆ ಎಂದು ಪಟ್ಟಿಯಲ್ಲಿರುತ್ತದೆ. ಗೀತಮಾಲಾದಲ್ಲಿ ಬಹಳ ವಾರ ಗಟ್ಟಿಯಾಗಿ ನಿಂತ ಹಾಡಿಗೆ ‘ಸರ್ತಾಜ್ ಗೀತ್’ ಎಂಬ ಕಿರೀಟ ತೊಡಿಸಿ, ಗೌರವದಿಂದ ಪಟ್ಟಿಯಿಂದ ಇಳಿಸುತ್ತಿದ್ದರು, ಹೊಸ ಹಾಡಿಗೆ ಜಾಗವಾಗಲಿ ಎಂದು. ಮಗಳ ಫೋನಿನ ಪಟ್ಟಿಯಿಂದ ಆ ನಾಲ್ಕು ಹಾಡುಗಳಿಗೆ ‘ಸಾಕು, ಇಳಿಯಪ್ಪ’ ಎನ್ನುವವರು ಯಾರೂ ಇಲ್ಲ.

ಎರಡನೆಯ ಮಾತು ನಮ್ಮ ಯೆರವಡಾದ್ದು. ನಮ್ಮ ಮನೆಯ ಎದುರಿಗೆ ಕಟ್ಟಡವೊಂದು ಏಳುತ್ತಿದೆ. ಗೌಂಡಿಗಳೂ ಬಿಗಾರಿಗಳೂ ಹೆಚ್ಚಿನವರು ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯವರು. ಸಂಜೆ ಆರರ ಮೇಲೆ ಒಲೆ ಹೊತ್ತುತ್ತದೆ, ಮರಳಿನ ಗುಡ್ಡೆಯ ಮೇಲೆ ಒಂದು ಸಣ್ಣ ಸ್ಪೀಕರ್ ಕೂಡುತ್ತದೆ. ನಮ್ಮ ಕಡೆಯ ಜಾನಪದ ಡಿಜೆ ಹಾಡುಗಳು ಶುರುವಾಗುತ್ತವೆ. ಹಾಡೆಲ್ಲ ಒಬ್ಬನ ಮೆಮೊರಿ ಕಾರ್ಡಿನಲ್ಲಿವೆ. ಊರಿನ ಮೊಬೈಲ್ ಅಂಗಡಿಯಲ್ಲಿ ತುಂಬಿಸಿಕೊಂಡು ಬಂದದ್ದು. ಕೇಳುವವರು ಇಪ್ಪತ್ತೈದು ಮೂವತ್ತು ಜನ. ಎದುರಿನ ಬಾಲ್ಕನಿಯಲ್ಲಿ ನಾನೂ ಒಬ್ಬ. ಪಟ್ಟಿಯ ಲೆಕ್ಕದಲ್ಲಿ ಇಷ್ಟೂ ಜನ ಸೇರಿ ಸೊನ್ನೆ.

ಅಲ್ಲಿಂದ ಹತ್ತು ನಿಮಿಷ ನಡೆದರೆ ಯೆರವಡಾ ಸೆಂಟ್ರಲ್ ಜೈಲಿನ ಗೋಡೆ. ಗಾಂಧೀಜಿ ‘ಯೆರವಡಾ ಮಂದಿರ’ ಎಂದು ಕರೆದ ಜೈಲು. ಒಳಗೆ ಸಾವಿರಾರು ಜನರಿದ್ದಾರೆ, ಫೋನು ನಿಷಿದ್ಧ. ಆದರೆ ಹಾಡು ನಿಷಿದ್ಧವಲ್ಲ. ಜೈಲಿನೊಳಗೇ ‘ರೇಡಿಯೋ ವೈಸಿಪಿ’ ಎಂಬ ಕೈದಿಗಳ ರೇಡಿಯೋ ನಡೆದಿದೆ. ಸ್ಟುಡಿಯೋದಲ್ಲಿ ಕೈದಿಯೊಬ್ಬ ಮಾತಾಡಿ ಹಾಡು ಹಾಕಿದರೆ ಅದು ಬ್ಯಾರಕ್ಕುಗಳ ಸ್ಪೀಕರಿನಲ್ಲಿ ಕೇಳುತ್ತದೆ. 2013ರಿಂದ 2016ರವರೆಗೆ ಅಲ್ಲಿ ಶಿಕ್ಷೆ ಅನುಭವಿಸಿದ ನಟ ಸಂಜಯ್ ದತ್ ಕೂಡ ಅದರ ನಿರೂಪಕರಲ್ಲೊಬ್ಬರಾಗಿದ್ದರು. ಗೋಡೆಯ ಒಳಗಿನವರ ಮೆಚ್ಚಿನ ಹಾಡು ಯಾವುದೆಂದು ಹೊರಗಿನ ಯಾವ ಟಾಪ್ 50ಕ್ಕೂ ಗೊತ್ತಾಗುವುದಿಲ್ಲ. ಅಲ್ಲಿ ಹಾಡು ಬೇಕಾದವನು ಇಂದಿಗೂ ಅಪ್ಪನ ಕಾಲದ ಕೇಳುಗನಂತೆ ಬಾಯಿಬಿಟ್ಟು ಕೇಳಬೇಕು.

ಇಷ್ಟು ಬರೆಯುವ ಹೊತ್ತಿಗೆ ಅಪ್ಪನ ಪಟ್ಟಿಯೂ ಎಲ್ಲರನ್ನೂ ಕೇಳಿ ಮಾಡಿದ್ದಲ್ಲ ಎಂಬುದು ಹೊಳೆಯಿತು. ಗೀತಮಾಲಾ ಹಿಂದಿ ಸಿನಿಮಾ ಹಾಡಿನದು. ಕನ್ನಡದ ಹಾಡು ಎಷ್ಟು ಜನರ ಬಾಯಲ್ಲಿದ್ದರೂ ಆ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಸಯಾನಿ ಪ್ರತಿ ಬುಧವಾರ ಅಕ್ಕತಂಗಿಯರನ್ನು ಮೊದಲು ಕರೆದು, ಆಮೇಲೆ ಅಣ್ಣತಮ್ಮಂದಿರನ್ನು ಕರೆಯುತ್ತಿದ್ದರು. ನಮ್ಮ ಖೋಲಿಯಲ್ಲಿ ಆ ಹೊತ್ತಿಗೆ ಅಪ್ಪ ರೇಡಿಯೋಗೆ ಕಿವಿ ಹಚ್ಚಿ ಬರೆಯುತ್ತಿದ್ದರು. ಅವ್ವ ಎರಡು ಮಾರು ಆಚೆ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯ ಸದ್ದಿಗೆ ಹಾಡು ಕೇಳಿಸುವುದಿಲ್ಲವೆಂದು ಅಪ್ಪ ಕೈಸನ್ನೆ ಮಾಡಿದರೆ ಸ್ವಲ್ಪ ಹೊತ್ತು ಕೈ ನಿಲ್ಲಿಸುತ್ತಿದ್ದಳು. ನೋಟ್‌ಬುಕ್ಕಿನ ಏಳು ವರ್ಷಗಳ ಪುಟಗಳಲ್ಲಿ ಅವಳ ಆಯ್ಕೆ ಒಂದು ಕಡೆಯೂ ಇಲ್ಲ.

ಮೊನ್ನೆ ಬುಧವಾರ ಅವಳ ಮುಂದೆ ನೋಟ್‌ಬುಕ್ಕು ತೆರೆದಿಟ್ಟು ಕೇಳಿದೆ.

“ಅವ್ವಾ, ನಿನ್ನ ಪಟ್ಟಿಯೊಳಗ ಒಂದನೇ ನಂಬರ್ ಹಾಡು ಯಾವ್ದು?”

“ನನ್ನ ಯಾರು ಕೇಳ್ಯಾರೋ ಇದನ್ನ?” ಎಂದು ನಕ್ಕಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಸಣ್ಣವಳಿದ್ದಾಗ ಊರ ಜಾತ್ರೆಯ ಟೆಂಟಿನಲ್ಲಿ ನೋಡಿದ ‘ಬೇಡರ ಕಣ್ಣಪ್ಪ’ದ ಹೆಸರು ಹೇಳಿದಳು. ಕಣ್ಣಪ್ಪ ಶಿವನಿಗೆ ಮೊರೆಯಿಡುವ ಹಾಡು. ಆ ಚಿತ್ರ ಬಂದದ್ದು 1954ರಲ್ಲಿ, ಗೀತಮಾಲಾ ಪಟ್ಟಿಯಾದ ವರ್ಷವೇ. ಎರಡು ಸಾಲು ಹಾಡಿದಳು. ಧ್ವನಿ ನಡುಗಿತು, ಶಬ್ದ ಒಂದೂ ತಪ್ಪಲಿಲ್ಲ.

ನಾನು ಪೆನ್ನು ತೆಗೆದು, ಖಾಲಿ ಇದ್ದ ಕೊನೆಯ ಪುಟದಲ್ಲಿ ತಾರೀಖು ಹಾಕಿ, ಅಪ್ಪ ಬರೆಯುತ್ತಿದ್ದ ಹಾಗೆಯೇ 1 ಎಂದು ಬರೆದು ಹಾಡಿನ ಮೊದಲೆರಡು ಶಬ್ದ ಬರೆದೆ. ಅವ್ವ ಕನ್ನಡಕ ಏರಿಸಿ ನೋಡಿದಳು.

“ಎರಡನೇದ್ದು ಬರಕೊಳ್ಳೂದಿಲ್ಲೇನು?” ಎಂದಳು.