ಜಾಲಹಳ್ಳಿಯಿಂದ ನಮ್ಮ ಮತಗಟ್ಟೆಗೆ

1996ರ ಲೋಕಸಭಾ ಚುನಾವಣೆಯನ್ನು ಬೆಳಗಾವಿ ಸೀಮೆಯ ನಾವು ಮರೆಯುವಂತಿಲ್ಲ. ಸರಕಾರ ತಮ್ಮ ಮಾತು ಕೇಳುತ್ತಿಲ್ಲವೆಂದು ರೈತರು ಸಾಲುಗಟ್ಟಿ ನಾಮಪತ್ರ ಹಾಕಿದರು. ಬೆಳಗಾವಿ ಕ್ಷೇತ್ರವೊಂದರಲ್ಲೇ 456 ಅಭ್ಯರ್ಥಿಗಳು! ಮತಪತ್ರವೆಂಬುದು ಪುಸ್ತಕದಂತಾಯಿತು.

ಇಂದು ಬೈಲಹೊಂಗಲ, ಸವದತ್ತಿ, ರಾಮದುರ್ಗದವರು ಬೆಳಗಾವಿ ಕ್ಷೇತ್ರಕ್ಕೂ, ಕಿತ್ತೂರಿನವರು ಉತ್ತರ ಕನ್ನಡ ಕ್ಷೇತ್ರಕ್ಕೂ ಮತ ಹಾಕುತ್ತಾರೆ. ಕ್ಷೇತ್ರ ಬೇರೆಯಾದರೂ ಒತ್ತುವ ಗುಂಡಿ ಒಂದೇ ಬಗೆಯದು. ಆ ಯಂತ್ರ ತಯಾರಿಸುವ ಸಂಸ್ಥೆಗಳು ದೇಶದಲ್ಲಿ ಎರಡೇ: ಹೈದರಾಬಾದಿನ ಇಸಿಐಎಲ್ ಮತ್ತು ನಮ್ಮ ಬೆಂಗಳೂರಿನ ಬಿಇಎಲ್.

ಬಿಇಎಲ್ ಹುಟ್ಟಿದ್ದು ಚುನಾವಣೆಗಾಗಿ ಅಲ್ಲ, ಸೇನೆಗಾಗಿ. 1954ರಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಕಂಪೆನಿಯ ಸಹಕಾರದಿಂದ ರಕ್ಷಣಾ ಸಚಿವಾಲಯ ಅದನ್ನು ಜಾಲಹಳ್ಳಿಯಲ್ಲಿ ಕಟ್ಟಿತು. ಆದರೆ ಸೇನೆಯೊಬ್ಬನೇ ಗಿರಾಕಿಯಾದರೆ ಇಂಥ ಕಾರ್ಖಾನೆಗೆ ಹೊಟ್ಟೆ ತುಂಬುವುದಿಲ್ಲ. ಸೇನೆ ಕೇಳುವುದು ಕೆಲವೇ ಉಪಕರಣ, ಅವು ಗಟ್ಟಿಯಾಗಿರಬೇಕು. ವಾಲ್ವು, ಟ್ರಾನ್ಸಿಸ್ಟರುಗಳನ್ನಾದರೋ ಲಕ್ಷಗಟ್ಟಲೆ ಮಾಡಿದರೆ ಮಾತ್ರ ಗಿಟ್ಟುತ್ತದೆ. ಆ ಲಕ್ಷಗಳು ಜನರ ಮನೆಯ ರೇಡಿಯೊಗಳಲ್ಲಿದ್ದವು. ಹೀಗೆ 1961ರಲ್ಲಿ ವಾಲ್ವು, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್, 1964ರಲ್ಲಿ ಆಕಾಶವಾಣಿಗೆ ಪ್ರಸಾರ ಯಂತ್ರ ಬಂದವು. 1966ರಲ್ಲಿ ಸೇನೆಗೆ ರಡಾರ್ ಮಾಡತೊಡಗಿದ ಸಂಸ್ಥೆ 1970ರಲ್ಲಿ ಕಪ್ಪು-ಬಿಳುಪು ಟೀವಿಯ ಚಿತ್ರನಳಿಕೆಯನ್ನೂ ಮಾಡಿತು.

ಪೇಟೆ ಮಾತ್ರ ಯಾರಿಗೂ ಕಾಯುವುದಿಲ್ಲ. 1982ರಲ್ಲಿ ಬಣ್ಣದ ಟೀವಿ ಬಂತು, 1991ರ ನಂತರ ಆಮದಿನ ಬಾಗಿಲು ತೆರೆಯಿತು. ಉಳಿದ ದೊಡ್ಡ ನಾಗರಿಕ ಗಿರಾಕಿಗಳಲ್ಲಿ ಚುನಾವಣಾ ಆಯೋಗ ಒಂದು. ಅಂದರೆ ಸೇನೆಯ ಬಾಗಿಲಿನಿಂದ ಹೊರಟ ಸರಕು ಮತ್ತೆ ಸರಕಾರದ ಇನ್ನೊಂದು ಬಾಗಿಲಿಗೇ ಬಂದು ನಿಂತಿತು.

ಆ ದಾರಿಯೂ ಸಲೀಸಾಗಿರಲಿಲ್ಲ. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮತಯಂತ್ರ ಮೊದಲು ಬಳಕೆಯಾಯಿತು. ಕಾನೂನಿನ ಆಧಾರವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕಾನೂನು ಜಾರಿಯಾದದ್ದು 1989ರಲ್ಲಿ. 2004ರಲ್ಲಿ 543 ಕ್ಷೇತ್ರಗಳಲ್ಲೂ ಯಂತ್ರ ಬಂತು. ಕರೆಂಟಿಲ್ಲದ ಊರಿನಲ್ಲೂ ಅದು ಬ್ಯಾಟರಿಯಿಂದ ನಡೆಯಬೇಕು, ಓದು ಬಾರದವರಿಗೂ ಒಗ್ಗಬೇಕು. ಗಡಿಯಲ್ಲಿ ಸೈನಿಕ ಕೇಳುವ ಗಟ್ಟಿತನ ಇಲ್ಲೂ ಬೇಕಾಯಿತು.

ಒಂದು ವ್ಯತ್ಯಾಸವಿದೆ. ಸೈನಿಕನ ರೇಡಿಯೊ ಮಾತನಾಡಿದರೆ ಅಲ್ಲಿಗೆ ಅದರ ಪರೀಕ್ಷೆ ಮುಗಿಯಿತು. ಮತಯಂತ್ರ ಸರಿಯಾಗಿ ನಡೆದರೆ ಸಾಲದು, ಸರಿಯಾಗಿ ನಡೆಯಿತೆಂದು ಸೋತವನಿಗೂ ಅನಿಸಬೇಕು. 2013ರಿಂದ ಯಂತ್ರದ ಪಕ್ಕದಲ್ಲಿ ಕಾಗದದ ಚೀಟಿ ತೋರಿಸುವ ಪೆಟ್ಟಿಗೆ ಸೇರಿಕೊಂಡದ್ದು ಇದೇ ಕಾರಣಕ್ಕೆ. ಈಗಿನ ಯಂತ್ರಕ್ಕೆ 24 ಘಟಕ ಜೋಡಿಸಿದರೂ ಹಿಡಿಸುವುದು 384 ಗುಂಡಿ. 1996ರ ನಮ್ಮ ರೈತರ ಸಾಲು ಅದಕ್ಕಿಂತಲೂ ಉದ್ದವಿತ್ತು.