ವಿಕೆಟ್ಟಿನ ಹಿಂದಿನ ಕಾವಲು

ಶ್ರೀರಂಗಪಟ್ಟಣದ ಕೋಟೆಯ ಪತನದ ಕಥೆಯನ್ನು ಹೇಳುವವರೆಲ್ಲ ಒಂದು ಬಿರುಕಿನ ಬಳಿ ಬಂದು ನಿಲ್ಲುತ್ತಾರೆ. ಉಳಿದ ಗೋಡೆಯೆಲ್ಲ ನಿಂತೇ ಇತ್ತು. 1799ರ ಮೇ 4ರಂದು ವಾಯವ್ಯದ ಕಡೆ ಬಿದ್ದಿದ್ದ ಆ ಒಂದು ಬಿರುಕಿನಿಂದಲೇ ಶತ್ರುಸೈನ್ಯ ಒಳನುಗ್ಗಿತು. ಕಾವಲಿನ ಕಾಯಕದ ಸ್ವಭಾವವೇ ಅಂಥದು. ತಡೆದ ಏಟುಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ತಪ್ಪಿಹೋದ ಏಟು ಮಾತ್ರ ಚರಿತ್ರೆಯಾಗುತ್ತದೆ.

ಆಟಗಳ ಲೋಕದಲ್ಲಿಯೂ ಈ ನಿಯಮವೇ ನಡೆಯುತ್ತದೆ. ಐರ್ಲೆಂಡಿನ ಜನ ತಮ್ಮ ಹರ್ಲಿಂಗ್ ಆಟದಲ್ಲಿ, ನಾವು ಹಾಕಿಯಲ್ಲಿ ಗೋಲಿನ ಮುಂದೆ ಒಬ್ಬನನ್ನು ನಿಲ್ಲಿಸುತ್ತೇವೆ. ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಬಯಲುಗಳಲ್ಲಿ ಚಿನ್ನಿದಾಂಡು ಆಡಿದವರಿಗೆ, ಹಾರಿಬರುವ ಚಿನ್ನಿಯನ್ನು ಹಿಡಿಯಲು ಕಾದು ನಿಲ್ಲುವವನ ಕಷ್ಟ ತಿಳಿಯದ್ದಲ್ಲ. ಕ್ರಿಕೆಟ್ಟಿನಲ್ಲಿ ಆ ಹೊಣೆ ವಿಕೆಟ್ ಕೀಪರನದು. ಕನ್ನಡನಾಡಿನಲ್ಲಿ ಈ ಹೊಣೆಯನ್ನು ದೀರ್ಘಕಾಲ ಹೊತ್ತವರು ಸಯ್ಯದ್ ಕಿರ್ಮಾನಿ.

1949ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದ ಕಿರ್ಮಾನಿ ಮೊದಲು ಆಡಿದ್ದು ಮೈಸೂರು ರಾಜ್ಯದ ತಂಡಕ್ಕೆ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973-74ರ ಋತುವಿನಲ್ಲಿಯೇ ನಮ್ಮ ತಂಡ ಮೊತ್ತಮೊದಲು ರಣಜಿ ಪ್ರಶಸ್ತಿಯನ್ನು ಗೆದ್ದುಕೊಂಡಿತು. ಆದರೆ ಭಾರತ ತಂಡದಲ್ಲಿ ಅವರ ಪಾಲಿಗೆ ಒದಗಿದ್ದು ಕಾಯುವಿಕೆ. 1971 ಮತ್ತು 1974ರಲ್ಲಿ ಇಂಗ್ಲೆಂಡಿಗೆ ಹೋದರೂ ಟೆಸ್ಟಿನ ಕೈಗವಸು ಫರೂಕ್ ಎಂಜಿನಿಯರರದಾಗಿತ್ತು. 1976ರ ಜನವರಿಯಲ್ಲಿ ಆಕ್ಲೆಂಡಿನಲ್ಲಿ ಕಡೆಗೂ ಅವಕಾಶ ದೊರೆಯಿತು. ಮುಂದಿನ ಟೆಸ್ಟಿನಲ್ಲಿಯೇ, ಕ್ರೈಸ್ಟ್‌ಚರ್ಚಿನಲ್ಲಿ, ಒಂದೇ ಇನಿಂಗ್ಸಿನಲ್ಲಿ ಆರು ಮಂದಿ ಔಟಾಗಲು ಕಾರಣರಾಗಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು.

ಅವರು ಯಾರ ಬೌಲಿಂಗಿಗೆ ಹಿಂದೆ ನಿಂತರೆಂಬುದನ್ನು ನೆನೆಯದೆ ಈ ಸಾಧನೆಯ ಅಳತೆ ಸಿಗಲಾರದು. ಪ್ರಸನ್ನರ ಚೆಂಡು ಗಾಳಿಯಲ್ಲಿ ತೇಲಿ ಬ್ಯಾಟುಗಾರನನ್ನು ಮುಂದಕ್ಕೆಳೆದು ಮೋಸಗೊಳಿಸುತ್ತಿತ್ತು. ಪೋಲಿಯೋದಿಂದ ಸೊರಗಿದ ತೋಳಿನಿಂದ ಮೈಸೂರಿನ ಚಂದ್ರಶೇಖರರು ಎಸೆಯುತ್ತಿದ್ದ ಚೆಂಡು ಯಾವ ಕಡೆ ತಿರುಗೀತು, ಎಷ್ಟು ವೇಗದಲ್ಲಿ ನುಗ್ಗೀತು ಎಂಬುದನ್ನು ಬ್ಯಾಟುಗಾರ ಊಹಿಸುವುದು ದುಸ್ತರ. ಬ್ಯಾಟುಗಾರ ಎಡವಿದರೆ ಅದು ಬೌಲರನ ಗೆಲುವು. ಕೀಪರ್ ಎಡವಿದರೆ ಆ ಗೆಲುವೇ ಸೋಲು. ಬ್ಯಾಟುಗಾರನ ದೇಹ ಕಣ್ಣಿಗೆ ಅಡ್ಡವಾಗಿದ್ದಾಗಲೂ ಆತ ಚೆಂಡನ್ನು ಅರಿಯಬೇಕು, ದಿನವಿಡೀ ಕುಕ್ಕರುಗಾಲಿನಲ್ಲಿ ಕೂತು ಏಳಬೇಕು.

1979ರ ವಿಶ್ವಕಪ್ಪಿಗೂ ಇಂಗ್ಲೆಂಡ್ ಪ್ರವಾಸಕ್ಕೂ ಕಿರ್ಮಾನಿಯವರನ್ನು ಆರಿಸಲಿಲ್ಲ. ಅದಕ್ಕೆ ಅವರ ಉತ್ತರ ಬಂದದ್ದು ಮೈದಾನದಲ್ಲಿ. ಅದೇ ವರ್ಷ ಮುಂಬಯಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ನೈಟ್ ವಾಚ್‌ಮನ್ ಆಗಿ ಇಳಿದವರು ಅಜೇಯ 101 ರನ್ ಗಳಿಸಿದರು. ದಿನದ ಕೊನೆಯ ಕೆಲವು ಚೆಂಡುಗಳನ್ನು ತಡೆಯಲೆಂದು ಕಳುಹಿಸಿದ ಕಾವಲುಗಾರ ಮರುದಿನ ಅರಸನಂತೆ ನಿಂತನು! ಭಾರತ ಆ ಟೆಸ್ಟನ್ನು ಇನಿಂಗ್ಸಿನಿಂದ ಗೆದ್ದು, ಆಸ್ಟ್ರೇಲಿಯದ ಮೇಲೆ ತನ್ನ ಮೊದಲ ಸರಣಿವಿಜಯವನ್ನು ಪಡೆಯಿತು. 1981-82ರಲ್ಲಿ ಇಂಗ್ಲೆಂಡ್ ವಿರುದ್ಧ ಸತತ ಮೂರು ಟೆಸ್ಟುಗಳಲ್ಲಿ ಅವರು ಒಂದೇ ಒಂದು ಬೈ ರನ್ನನ್ನೂ ಬಿಟ್ಟುಕೊಡಲಿಲ್ಲ. ಅಂಕಪಟ್ಟಿಯಲ್ಲಿ ಅದು ಕೇವಲ ಸೊನ್ನೆ. ಆದರೆ ಸಾವಿರಾರು ಚೆಂಡುಗಳ ಎಚ್ಚರ ಆ ಸೊನ್ನೆಯೊಳಗೆ ಅಡಗಿದೆ.

1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸಿನಲ್ಲಿ ಜಿಂಬಾಬ್ವೆಯೆದುರು ಭಾರತ 17 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಗಳಿಸಿದ ಅಜೇಯ 175 ಜಗದ್ವಿಖ್ಯಾತ. ಅವರ ಜೊತೆ ಮುರಿಯದ ಒಂಬತ್ತನೆಯ ವಿಕೆಟ್ಟಿಗೆ 126 ರನ್ ಸೇರಿಸಿದ ಕಿರ್ಮಾನಿಯವರ 24ನ್ನು ನೆನೆಯುವವರು ವಿರಳ. ಆ ಇನ್ನೊಂದು ತುದಿ ಬಿದ್ದಿದ್ದರೆ ಕಪಿಲರ ಆಟ ಅಷ್ಟು ದೂರ ಸಾಗುತ್ತಿತ್ತೇ? ಆ ವಿಶ್ವಕಪ್ಪಿನ ಶ್ರೇಷ್ಠ ವಿಕೆಟ್ ಕೀಪರ್ ಪ್ರಶಸ್ತಿ ಅವರಿಗೇ ಸಂದಿತು.

ಇಷ್ಟಾದರೂ ಸ್ಥಾನ ಭದ್ರವಾಗಿರಲಿಲ್ಲ. 1985ರಲ್ಲಿ ಬೆಂಗಳೂರಿನವರೇ ಆದ ತರುಣ ಸದಾನಂದ ವಿಶ್ವನಾಥರು ಆ ಜಾಗಕ್ಕೆ ಬಂದರು. ಆ ವರ್ಷದ ಕೊನೆಗೆ ಆಸ್ಟ್ರೇಲಿಯಕ್ಕೆ ಮರಳಿ ಹೋದ ಕಿರ್ಮಾನಿ, 1986ರ ಜನವರಿಯಲ್ಲಿ ಸಿಡ್ನಿಯಲ್ಲಿ ತಮ್ಮ 88ನೆಯ, ಕೊನೆಯ ಟೆಸ್ಟನ್ನಾಡಿದರು. ಹಿಡಿದ ಕ್ಯಾಚುಗಳು 160, ಸ್ಟಂಪಿಂಗ್ 38. ಆ 198ರ ಮೊತ್ತ, ಧೋನಿಯವರು ದಾಟುವವರೆಗೆ, ಭಾರತದ ಕೀಪರುಗಳಲ್ಲಿ ಅತ್ಯಧಿಕವಾಗಿತ್ತು.

ಚರಿತ್ರೆಯನ್ನು ನಾವು ಹೆಚ್ಚಾಗಿ ಬಾರಿಸಿದವರ, ಕೆಡವಿದವರ ಕಥೆಯಾಗಿಯೇ ಬರೆಯುತ್ತೇವೆ. ಏನೂ ಆಗದಂತೆ ನೋಡಿಕೊಂಡವರ ಕಥೆಗೆ ಪುಟ ಸಿಗುವುದು ಅಪರೂಪ. ಹನ್ನೊಂದು ಮಂದಿಯ ನಡುವೆ, ಹಾಕಿದ ಪ್ರತಿಯೊಂದು ಚೆಂಡನ್ನೂ ತನ್ನದೆಂದು ಕಾಯ್ದವನಿಗೆ ಒಂದಿಷ್ಟು ಹೆಚ್ಚಿನ ಜಾಗವನ್ನು ಮೀಸಲಿಡುವುದು ನ್ಯಾಯ.